ತಂತ್ರಾಂಶದ ಗ್ರಂಥಾಲಯವೂ ಅದರ ಕೈಪಿಡಿಯೂ

ನಮ್ಮ ಸಂಘದ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಗಣಕಕ್ಕೆ ಏರಿಸುವ ಕಾರ್ಯ ನಡೆಯುತ್ತಿರುವುದು ಸದಸ್ಯರಿಗೆ ತಿಳಿದೇ ಇದೆ. ದಾನವಾಗಿ ಬಂದ ಹಳೆಯ ಗಣಕವೊಂದಕ್ಕೆ ಲಿನಕ್ಸ್ ಅಳವಡಿಸಿ, ಕನ್ನಡದ ಅಕ್ಷರಗಳು ಒತ್ತು ಕೊಂಬುಗಳ ಸಮೇತ ಸರಿಯಾಗಿ ಮೂಡುವಂತೆ ಮಾಡಿಕೊಟ್ಟವರು ಸದಸ್ಯರೊಬ್ಬರ ಮಗ, ವೃತ್ತಿಯಿಂದ ಇಂಜಿನಿಯರ್. ಕೆಲಸ ಮುಗಿದ ಮೇಲೆ ಅವರು ತೆರೆಯ ಮೇಲೆ ಒಂದು ಕಡತದ ಹೆಸರನ್ನು ತೋರಿಸಿದರು: ಲಿಬ್‌ಫ್ರೀಟೈಪ್.ಎಸ್‌ಓ.6. "ಅಂಕಲ್, ಫಾಂಟ್ ಕಡತವನ್ನು ತೆರೆದು ಪ್ರತಿ ಅಕ್ಷರದ ಆಕಾರವನ್ನು ಬಿಡಿಸುವುದು ಇದೇ. ಕೊನೆಯ ಈ ಆರು ಎಂಬ ಅಂಕೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಬದಲಾಗಿಲ್ಲ. ಅದರ ಹಿಂದೆ ಒಂದು ಕೈಪಿಡಿಯ ಪುಟವಿದೆ" ಎಂದರು.

ಬಿ.ಎ. ಓದಿ ಬ್ಯಾಂಕು ಸೇರಿದ ನಮಗೆ ತಂತ್ರಾಂಶ ಬರೆಯಲು ಬಾರದು. ಆದರೆ ಕೈಪಿಡಿ, ಸುತ್ತೋಲೆ, ತಿದ್ದುಪಡಿ ಎಂದರೆ ಮೂವತ್ತು ವರ್ಷಗಳ ಪರಿಚಯ. ಆದ್ದರಿಂದ ಆ ಕೈಪಿಡಿಯನ್ನು ತರಿಸಿಕೊಂಡು ಕೆಲವು ವಾರ ಓದಿದೆವು. ಕಂಡುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲು ಗ್ರಂಥಾಲಯದ ಮಾತು. ಗಣಕದ ಲೋಕದಲ್ಲಿಯೂ ಲೈಬ್ರರಿ ಎಂಬುದಿದೆ. ಅಕ್ಷರ ಬಿಡಿಸುವುದು, ಚಿತ್ರ ತೋರಿಸುವುದು, ಕಡತವನ್ನು ಕುಗ್ಗಿಸುವುದು ಮುಂತಾಗಿ ಹಲವು ತಂತ್ರಾಂಶಗಳಿಗೆ ಬೇಕಾಗುವ ಕೆಲಸವನ್ನು ಒಂದೆಡೆ ಬರೆದಿಟ್ಟರೆ ಅದು ಲೈಬ್ರರಿ. ಇದನ್ನು ಬಳಸುವ ಬಗೆ ಎರಡು. ಪ್ರತಿ ಮನೆಯವರೂ ನಿಘಂಟಿನ ತಮ್ಮದೇ ಪ್ರತಿಯನ್ನು ಕೊಂಡಿಡುವಂತೆ, ಪ್ರತಿ ತಂತ್ರಾಂಶವೂ ಅದನ್ನು ತನ್ನೊಳಗೆ ಸೇರಿಸಿಕೊಳ್ಳಬಹುದು. ಇಲ್ಲವೇ ಸಂಘದ ಕಪಾಟಿನಲ್ಲಿ ಒಂದೇ ಪ್ರತಿಯನ್ನಿಟ್ಟು ಎಲ್ಲರೂ ಅದನ್ನೇ ನೋಡುವ ಏರ್ಪಾಡು ಮಾಡಬಹುದು. ಎರಡನೆಯದಕ್ಕೆ ಶೇರ್ಡ್ ಲೈಬ್ರರಿ ಎನ್ನುತ್ತಾರೆ. ಹಂಚಿಕೆಯ ಗ್ರಂಥಾಲಯ ಎನ್ನೋಣ. ಜಾಗ ಉಳಿಯುತ್ತದೆ, ತಪ್ಪೊಂದನ್ನು ಒಂದು ಕಡೆ ತಿದ್ದಿದರೆ ಎಲ್ಲರಿಗೂ ತಿದ್ದಿದಂತಾಗುತ್ತದೆ. ಹಾಗೆಯೇ ಆ ಒಂದು ಪ್ರತಿಯ ಪುಟ ಹರಿದರೆ ಎಲ್ಲರಿಗೂ ತೊಂದರೆ.

ಇದು ಸರಳವಾಗಿಯೇ ನಡೆಯಬೇಕಿತ್ತು. ಆದರೆ ತೊಂಬತ್ತರ ದಶಕದಲ್ಲಿ ಯೂನಿಕ್ಸ್ ಯಂತ್ರ ತಯಾರಿಸುವ ಪ್ರತಿಯೊಂದು ಸಂಸ್ಥೆಯೂ ಹಂಚಿಕೆಯ ಗ್ರಂಥಾಲಯವನ್ನು ತನ್ನದೇ ರೀತಿಯಲ್ಲಿ ಕಟ್ಟುತ್ತಿತ್ತು. ಲಿನಕ್ಸ್‌ನಲ್ಲಿ ಕಡತದ ಹೆಸರಿನ ಬಾಲ ಎಸ್‌ಓ, ಎಚ್‌ಪಿಯ ಯಂತ್ರಗಳಲ್ಲಿ ಎಸ್‌ಎಲ್, ವಿಂಡೋಸ್‌ನಲ್ಲಿ ಡಿಎಲ್‌ಎಲ್. ಕಟ್ಟಲು ಕೊಡಬೇಕಾದ ಆಜ್ಞೆಗಳೂ ಬೇರೆ ಬೇರೆ. ಒಂದು ತಂತ್ರಾಂಶ ಎಲ್ಲೆಡೆ ನಡೆಯಬೇಕೆಂದರೆ ಲೇಖಕನು ಪ್ರತಿ ಯಂತ್ರಕ್ಕೂ ಬೇರೆ ಏರ್ಪಾಡು ಬರೆಯಬೇಕಿತ್ತು. ಈ ತಲೆನೋವಿಗೆ 1996ರಲ್ಲಿ ಗಾರ್ಡನ್ ಮ್ಯಾಟ್ಜಿಗ್‌ಕೈಟ್ ಎಂಬವರು ಮದ್ದು ಹುಡುಕಿದರು. ಅದೇ ಗ್ನೂ ಯೋಜನೆಯ ಲಿಬ್‌ಟೂಲ್. ಲೇಖಕನು ಲಿಬ್‌ಟೂಲ್‌ಗೆ ಒಂದೇ ಬಗೆಯಲ್ಲಿ ಹೇಳುತ್ತಾನೆ. ಆಯಾ ಯಂತ್ರಕ್ಕೆ ತಕ್ಕಂತೆ ಅದನ್ನು ಮಾಡಿಸುವುದು ಲಿಬ್‌ಟೂಲ್‌ನ ಹೊಣೆ. ಹತ್ತು ಭಾಷೆ ಬಲ್ಲ ದುಭಾಷಿಯೆಂದರೆ ಸರಿಯಾದೀತು.

ದುಭಾಷಿಯ ಕೈಪಿಡಿಯ ಕಷ್ಟವೂ ಹತ್ತು ಭಾಷೆಯದೇ. ಸಾಮಾನ್ಯ ತಂತ್ರಾಂಶದ ಕೈಪಿಡಿ 'ಇದನ್ನು ಒತ್ತಿರಿ, ಹೀಗಾಗುತ್ತದೆ' ಎಂದರೆ ಮುಗಿಯಿತು. ಲಿಬ್‌ಟೂಲ್‌ನ ಕೈಪಿಡಿಯು 'ಇಲ್ಲಿ ಹೀಗಾಗುತ್ತದೆ, ಅಲ್ಲಿ ಹಾಗಾಗುತ್ತದೆ, ಏಕೆಂದರೆ...' ಎನ್ನಬೇಕು. ಉದಾಹರಣೆಗೆ 'ನೋ-ಅನ್‌ಡಿಫೈನ್ಡ್' ಎಂಬ ಆಯ್ಕೆ. ಈ ಗ್ರಂಥಾಲಯಕ್ಕೆ ಬೇಕಾದದ್ದೆಲ್ಲವೂ ದೊರೆತಿದೆ, ಬಾಕಿ ಏನೂ ಇಲ್ಲ ಎಂದು ಲೇಖಕನು ಮಾತು ಕೊಡುವ ಗುರುತು ಅದು. ಲಿನಕ್ಸ್‌ನಲ್ಲಿ ಅದನ್ನು ಬರೆಯದಿದ್ದರೂ ಕೆಲಸ ನಡೆಯುತ್ತದೆ. ವಿಂಡೋಸ್‌ನಲ್ಲಿ ಬರೆಯದಿದ್ದರೆ ಡಿಎಲ್‌ಎಲ್ ಹುಟ್ಟುವುದಿಲ್ಲ. ಜೀವನದಲ್ಲಿ ವಿಂಡೋಸ್ ಮುಟ್ಟದ ಲೇಖಕನಿಗೆ ಇದು ಅನುಭವದಿಂದ ತಿಳಿಯುವ ಸಂಗತಿಯಲ್ಲ. ಕೈಪಿಡಿಯಲ್ಲಿದ್ದರೆ ತಿಳಿದೀತು.

ಈ ಕೈಪಿಡಿಯನ್ನು ಟೆಕ್ಸ್‌ಇನ್ಫೋ ಎಂಬ ಬರಹಪದ್ಧತಿಯಲ್ಲಿ ಇಟ್ಟಿದ್ದಾರೆ. ಮೂಲಪಠ್ಯ ಒಂದೇ, ಅದರಿಂದ ಜಾಲಪುಟವೂ, ಅಚ್ಚಿಗೆ ಹೋಗುವ ಪಿಡಿಎಫ್ ಪುಸ್ತಕವೂ, ಗಣಕದೊಳಗೇ ಓದುವ ಇನ್ಫೋ ಕಡತವೂ ತಯಾರಾಗುತ್ತವೆ. ಮೂರು ಕಡೆ ಮೂರು ಬಾರಿ ತಿದ್ದುವ ಪ್ರಸಂಗವಿಲ್ಲ. ಮೂಲಪಠ್ಯವು ತಂತ್ರಾಂಶದ ಜೊತೆಯಲ್ಲಿಯೇ, ಅದೇ ಕಪಾಟಿನಲ್ಲಿ ಎನ್ನಬಹುದು, ಇರುತ್ತದೆ. ಹಾಗಾಗಿ ತಂತ್ರಾಂಶ ತಿದ್ದಿದವನು ಅದೇ ಕೈಯಲ್ಲಿ ಕೈಪಿಡಿಯನ್ನೂ ತಿದ್ದಬಹುದು. ಮುಖಪುಟದ ಆವೃತ್ತಿಸಂಖ್ಯೆ ಮತ್ತು ದಿನಾಂಕವನ್ನು ಯಾರೂ ಕೈಯಿಂದ ಬರೆಯುವುದಿಲ್ಲ, ಯಂತ್ರವೇ ತುಂಬುತ್ತದೆ. ಸಂಕ್ಷಿಪ್ತ ಸಹಾಯಪುಟವನ್ನೂ ತಂತ್ರಾಂಶ ತಾನೇ ತೋರಿಸುವ ಸಹಾಯದ ಸಾಲುಗಳಿಂದ ಮತ್ತೊಂದು ಉಪಕರಣ ಹೆಣೆದುಕೊಡುತ್ತದೆ.

ಯಂತ್ರ ಮಾಡಬಹುದಾದದ್ದು ಅಷ್ಟೇ. ವಿವರಣೆಯ ವಾಕ್ಯ ಹಳತಾಗಿದೆಯೇ ಎಂದು ಅದು ಹೇಳಲಾರದು. ಬೇಗ ಹಳತಾಗುವುದು ಉದಾಹರಣೆಗಳು. ಆಜ್ಞೆ ಕೊಟ್ಟಾಗ ತೆರೆಯ ಮೇಲೆ ಮೂಡಿದ ಸಾಲುಗಳನ್ನು ಹಾಗೆಯೇ ಅಚ್ಚು ಮಾಡಿರುತ್ತಾರೆ. ತಂತ್ರಾಂಶದಲ್ಲಿ ಸಣ್ಣದೊಂದು ಬದಲಾವಣೆಯಾದರೂ ಆ ಸಾಲುಗಳು ಸುಳ್ಳಾಗುತ್ತವೆ. ಹೊಸಬನು ಪುಸ್ತಕದಲ್ಲಿದ್ದುದೂ ತನ್ನ ತೆರೆಯಲ್ಲಿದ್ದುದೂ ಹೊಂದದೆ, ತಾನೇ ತಪ್ಪಿದೆನೆಂದು ಬಗೆದು ಗಂಟೆಗಟ್ಟಲೆ ಒದ್ದಾಡುತ್ತಾನೆ.

ಈಗ ಆ ಆರು ಎಂಬ ಅಂಕೆಗೆ ಬರೋಣ. ಗ್ರಂಥಾಲಯವನ್ನು ಬಳಸುವ ತಂತ್ರಾಂಶಗಳು ಅದರ ಮುಂದೆ ಗ್ರಾಹಕರಂತೆ ನಿಲ್ಲುತ್ತವೆ. ಯಾವ ಕೌಂಟರಿನಲ್ಲಿ ಏನು ಕೇಳಿದರೆ ಏನು ಸಿಗುತ್ತದೆ ಎಂಬ ಕರಾರಿಗೆ ಇಂಟರ್‌ಫೇಸ್ ಎಂದು ಹೆಸರು. ಈ ಕರಾರು ಕಾಲಕಾಲಕ್ಕೆ ಬದಲಾಗುತ್ತದೆ. ಹಳೆಯ ಗ್ರಾಹಕನಿಗೆ ಇನ್ನೂ ಸೇವೆ ಸಿಕ್ಕೀತೇ ಎಂದು ಮೊದಲೇ ತಿಳಿಯಬೇಡವೇ? ಅದಕ್ಕಾಗಿ ಲಿಬ್‌ಟೂಲ್ ಮೂರು ಅಂಕೆಗಳನ್ನು ಕೇಳುತ್ತದೆ. ಕರೆಂಟ್ ಎಂಬುದು ಈಗಿನ ಕರಾರಿನ ಕ್ರಮಸಂಖ್ಯೆ. ರಿವಿಷನ್ ಎಂಬುದು ಅದೇ ಕರಾರಿನೊಳಗೆ ಒಳಗಿಂದೊಳಗೆ ಎಷ್ಟು ಬಾರಿ ರಿಪೇರಿ ನಡೆಯಿತೆಂಬ ಲೆಕ್ಕ. ಏಜ್ ಎಂಬುದು ಹಿಂದಿನ ಎಷ್ಟು ಕರಾರುಗಳನ್ನು ಈಗಲೂ ಗೌರವಿಸುತ್ತೇವೆಂಬ ಲೆಕ್ಕ.

ಇವನ್ನು ಬದಲಿಸುವ ಕ್ರಮವನ್ನು ಕೈಪಿಡಿಯು ಆರು ಮೆಟ್ಟಿಲುಗಳಲ್ಲಿ ಹೇಳುತ್ತದೆ. ಸೊನ್ನೆ, ಸೊನ್ನೆ, ಸೊನ್ನೆಯಿಂದ ಆರಂಭ. ಸಾರ್ವಜನಿಕ ಬಿಡುಗಡೆಗೆ ಮುನ್ನ ಮಾತ್ರ ಅಂಕೆಗಳನ್ನು ಮುಟ್ಟಬೇಕು. ಒಳಗಿನ ಬರಹ ಬದಲಾಗಿದ್ದರೆ ರಿವಿಷನ್‌ಗೆ ಒಂದು ಕೂಡಿಸು. ಕರಾರಿನಲ್ಲಿ ಏನಾದರೂ ಸೇರಿದ್ದರೆ, ಹೋಗಿದ್ದರೆ, ಬದಲಾಗಿದ್ದರೆ ಕರೆಂಟ್‌ಗೆ ಒಂದು ಕೂಡಿಸಿ ರಿವಿಷನ್ ಸೊನ್ನೆ ಮಾಡು. ಹೊಸತು ಸೇರಿದ್ದರೆ ಏಜ್‌ಗೆ ಒಂದು ಕೂಡಿಸು. ಹಳೆಯದು ಹೋಗಿದ್ದರೆ ಅಥವಾ ಬದಲಾಗಿದ್ದರೆ ಏಜ್ ಸೊನ್ನೆ ಮಾಡು.

ಫ್ರೀಟೈಪ್ 2.13.2 ಆವೃತ್ತಿಯಲ್ಲಿ ಈ ಅಂಕೆಗಳು ಕ್ರಮವಾಗಿ 26, 1, 20. ಇಪ್ಪತ್ತಾರನೆಯ ಕರಾರು ನಡೆಯುತ್ತಿದೆ, ಹಿಂದಿನ ಇಪ್ಪತ್ತು ಕರಾರುಗಳಿಗೂ ಮಾನ್ಯತೆಯಿದೆ. 26ರಲ್ಲಿ 20 ಕಳೆದರೆ 6. ಲಿನಕ್ಸ್‌ನಲ್ಲಿ ಕಡತದ ಹೆಸರಿನ ಕೊನೆಗೆ ಬರುವುದು ಈ ಶೇಷವೇ. ಪೂರ್ಣ ಹೆಸರಿನಲ್ಲಿ 6.20.1 ಎಂದಿರುತ್ತದೆ. ಹೊಸತನ್ನು ಸೇರಿಸುತ್ತಾ ಹೋದರೂ ಹಳೆಯದನ್ನು ಕೈಬಿಡದ ಕಾರಣ ಎರಡು ಅಂಕೆಗಳೂ ಒಟ್ಟಿಗೆ ಏರಿದವು, ವ್ಯತ್ಯಾಸ ಆರರಲ್ಲಿಯೇ ನಿಂತಿತು. ಬೇರೆ ಯಂತ್ರಗಳಲ್ಲಿ ಇದೇ ಮೂರು ಅಂಕೆಗಳಿಂದ ಬೇರೆ ರೀತಿಯ ಹೆಸರು ಹುಟ್ಟಬಹುದು; ಆ ಪರಿವರ್ತನೆ ಲಿಬ್‌ಟೂಲ್‌ನ ಕೆಲಸ.

ಇಲ್ಲಿ ಎಡವುವವರು ಬಹಳ. ತಂತ್ರಾಂಶದ ಆವೃತ್ತಿ 3.2 ಎಂದಾದರೆ ಈ ಅಂಕೆಗಳೂ ಮೂರರಿಂದ ಆರಂಭವಾಗಲಿ ಎಂದು ಚೆಂದಕ್ಕಾಗಿ ಹೊಂದಿಸುವ ಮೋಹ ಸಹಜ. ಹಾಗೆ ಎಂದಿಗೂ ಮಾಡಕೂಡದೆಂದು ಕೈಪಿಡಿ ಖಂಡಿತವಾಗಿ ಹೇಳುತ್ತದೆ. ಅನಗತ್ಯವಾಗಿ ಶೇಷ ಬದಲಾದರೆ, ಅದನ್ನು ನೆಚ್ಚಿದ ಪ್ರತಿ ತಂತ್ರಾಂಶವನ್ನೂ ಮತ್ತೆ ಕಟ್ಟಬೇಕು. ಬದಲಾಗಬೇಕಾದಾಗ ಬದಲಾಗದಿದ್ದರೆ ಅದು ಇನ್ನೂ ಕೆಟ್ಟದ್ದು: ಹಳೆಯ ತಂತ್ರಾಂಶವು ನಂಬಿಕೆಯಿಂದ ಕೌಂಟರಿಗೆ ಬರುತ್ತದೆ, ಅಲ್ಲಿ ಕೌಂಟರೇ ಇರುವುದಿಲ್ಲ, ಅಲ್ಲಿಯೇ ಕುಸಿದು ಬೀಳುತ್ತದೆ.

ಇದನ್ನು ಓದುವಾಗ ನಮಗೆ ನೆನಪಾದದ್ದು ತೊಂಬತ್ತರ ದಶಕದ ಕೊನೆಯ ಒಂದು ಪ್ರಸಂಗ. ನಾವಾಗ ಶಾಖೆಯೊಂದರಲ್ಲಿ ಗುಮಾಸ್ತರು. ಕೌಂಟರಿನಲ್ಲಿ ದಪ್ಪನೆಯ ಸೂಚನಾಪುಸ್ತಕವಿರುತ್ತಿತ್ತು. ನಿಯಮ ಬದಲಾದಾಗ ಮುಖ್ಯ ಕಚೇರಿಯಿಂದ ತಿದ್ದುಪಡಿ ಚೀಟಿ ಬರುತ್ತಿತ್ತು. ಅದನ್ನು ಕತ್ತರಿಸಿ ಸರಿಯಾದ ಪುಟದಲ್ಲಿ ಅಂಟಿಸುವ ಕೆಲಸ ನಮ್ಮದು. ತಿಂಗಳ ಕೊನೆಯ ಗಡಿಬಿಡಿಯಲ್ಲಿ ಒಂದು ಕಟ್ಟು ಚೀಟಿಗಳು ಡ್ರಾಯರಿನಲ್ಲಿಯೇ ಉಳಿದವು. ಆ ವೇಳೆಗೆ ಗಂಡನನ್ನು ಕಳೆದುಕೊಂಡ ಹಿರಿಯ ಹೆಣ್ಣುಮಗಳೊಬ್ಬರು ಪಿಂಚಣಿಯ ಕಾಗದ ಹಿಡಿದು ಬಂದರು. ಪುಸ್ತಕದಲ್ಲಿದ್ದಂತೆ ನಾವು ಇನ್ನೊಂದು ದಾಖಲೆ ಕೇಳಿದೆವು. ಅವರು ಲೋಕಲ್ ರೈಲಿನಲ್ಲಿ ಹಿಂದಕ್ಕೆ ಹೋಗಿ, ಮರುವಾರ ಬಂದು, ಅದೂ ಸಾಲದೆಂದು ಮತ್ತೆ ಹೋದರು. ಆ ದಾಖಲೆ ಬೇಡವೆಂಬ ಚೀಟಿ ನಮ್ಮ ಡ್ರಾಯರಿನಲ್ಲಿತ್ತು. ನಾವು ಪುಸ್ತಕದಂತೆಯೇ ನಡೆದಿದ್ದೆವು. ಅದೇ ನಾಚಿಕೆಯ ಸಂಗತಿ. ಪುಸ್ತಕವೇ ಇಲ್ಲದಿದ್ದರೆ ಯಾರನ್ನಾದರೂ ಕೇಳುತ್ತಿದ್ದೆವೇನೋ.

ಲಿಬ್‌ಟೂಲ್ ಕೈಪಿಡಿಯ ಕೊನೆಯ ಭಾಗದಲ್ಲಿ ಪಾಲಕರಿಗೆಂದೇ ಒಂದು ಅಧ್ಯಾಯವಿದೆ. ಹೊಸ ಯಂತ್ರವೊಂದಕ್ಕೆ ಲಿಬ್‌ಟೂಲ್ ಒಗ್ಗಿಸುವುದು ಹೇಗೆ, ಯಾವ ಯಂತ್ರದ ಸ್ವಭಾವ ಎಂಥದು, ಯಾವ ಯಂತ್ರದಲ್ಲಿ ಯಾವ ಆವೃತ್ತಿಯನ್ನು ಪರೀಕ್ಷಿಸಲಾಯಿತು ಎಂಬ ವಿವರಗಳು ಅಲ್ಲಿವೆ. ಆ ಪರೀಕ್ಷಾಪಟ್ಟಿಯಲ್ಲಿ ಈಗ ಬಳಕೆಯಲ್ಲಿ ಕಾಣದ ಯಂತ್ರಗಳ ಹೆಸರುಗಳೂ ಇವೆ. ಅವನ್ನು ಅಳಿಸಬೇಕೆ, ಇಡಬೇಕೆ? ಅಳಿಸಿದರೆ ಎಲ್ಲೋ ಒಂದು ಪ್ರಯೋಗಶಾಲೆಯಲ್ಲಿ ಇನ್ನೂ ನಡೆಯುತ್ತಿರುವ ಯಂತ್ರದವನು ಅನಾಥನಾಗುತ್ತಾನೆ. ಇಟ್ಟರೆ ಇಂದಿಗೂ ಪರೀಕ್ಷೆ ನಡೆಯುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ನಮ್ಮ ಅಭಿಪ್ರಾಯದಲ್ಲಿ ಪರೀಕ್ಷೆ ನಡೆದ ಕಾಲವನ್ನು ಸ್ಪಷ್ಟವಾಗಿ ಬರೆದು ಇಡುವುದು ಲೇಸು. ತಂತ್ರಾಂಶದಲ್ಲಾದ ಬದಲಾವಣೆಗಳ ವಾರ್ತಾಕಡತದ ಬಗ್ಗೆ ಗ್ನೂ ಯೋಜನೆಯ ನಿಯಮವೂ ಇದೇ ಜಾಡಿನದು: ಹೊಸ ಸುದ್ದಿ ಮೇಲೆ ಬರಲಿ, ಹಳೆಯದನ್ನು ತೆಗೆಯಬೇಡಿ. ಯಾವ ಹಳೆಯ ಆವೃತ್ತಿಯಿಂದ ಬಂದವನಿಗೂ ನಡುವೆ ಏನಾಯಿತೆಂದು ತಿಳಿಯಬೇಕು.

ಈ ಬರಹದ ಬೆಲೆ ತಿಳಿಯುವುದು ಪಾಲಕರು ಬದಲಾದಾಗ. ಲಿಬ್‌ಟೂಲ್ 2.4.6 ಹೊರಬಂದದ್ದು 2015ರ ಫೆಬ್ರವರಿಯಲ್ಲಿ, ಮುಂದಿನ 2.4.7 ಬಂದದ್ದು 2022ರ ಮಾರ್ಚ್‌ನಲ್ಲಿ. ನಡುವೆ ಏಳು ವರ್ಷ. ಅಷ್ಟು ಕಾಲವೂ ಲೋಕದ ಅನೇಕ ತಂತ್ರಾಂಶಗಳು ಅದನ್ನು ಬಳಸುತ್ತಲೇ ಇದ್ದವು. ಅನಂತರ ಕೆಲಸ ಚುರುಕಾಗಿ, 2024ರ ನವೆಂಬರ್‌ನಲ್ಲಿ 2.5.4 ಬಂದಿತು. ಹೊಸದಾಗಿ ಹೊಣೆ ಹೊರುವವರಿಗೆ ಹಿಂದಿನವರು ಪಕ್ಕದಲ್ಲಿ ಕುಳಿತು ಹೇಳಿಕೊಡುವ ಅವಕಾಶ ಇಂಥ ಸ್ವಯಂಸೇವೆಯ ಕೆಲಸಗಳಲ್ಲಿ ಸದಾ ಸಿಗುವುದಿಲ್ಲ.

ಇನ್ನು ಹಕ್ಕಿನ ವಿಚಾರ. ತಂತ್ರಾಂಶ ಸ್ವತಂತ್ರವಾಗಿದ್ದರೂ ಕೈಪಿಡಿ ಸ್ವತಂತ್ರವಾಗಿಲ್ಲದಿದ್ದರೆ ಪ್ರಯೋಜನವಿಲ್ಲ ಎಂದು ಗ್ನೂ ಯೋಜನೆಯ ರಿಚರ್ಡ್ ಸ್ಟಾಲ್‌ಮನ್ ವಾದಿಸಿದ್ದರು. ಬದಲಾದ ತಂತ್ರಾಂಶಕ್ಕೆ ಕೈಪಿಡಿಯನ್ನು ಬದಲಿಸುವ ಹಕ್ಕೂ ಬೇಕಲ್ಲವೇ? ಅದಕ್ಕಾಗಿ 2000ದಲ್ಲಿ ಗ್ನೂ ಮುಕ್ತ ದಸ್ತಾವೇಜು ಪರವಾನಗಿ ಬಂದಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳೂ 2009ರವರೆಗೆ ಇದೇ ಪರವಾನಗಿಯಡಿ ಇದ್ದವೆಂಬುದು ನಮ್ಮ ಓದುಗರಿಗೆ ಕುತೂಹಲದ ಸಂಗತಿಯಾದೀತು. ಆ ಪರವಾನಗಿಯಲ್ಲಿ ಕೆಲವು ಅಧ್ಯಾಯಗಳನ್ನು ಯಾರೂ ಮುಟ್ಟದಂತೆ ಕಾಯ್ದಿರಿಸುವ ಅವಕಾಶವಿದೆ. ಅದು ವಿವಾದಕ್ಕೆ ಎಡೆಯಾಗಿ, ಅಂಥ ಭಾಗಗಳಿಲ್ಲದ ಕೈಪಿಡಿಗಳು ಮಾತ್ರ ಸ್ವತಂತ್ರವೆಂದು ಡೆಬಿಯನ್ ಬಳಗ 2006ರಲ್ಲಿ ಮತ ಹಾಕಿ ನಿರ್ಣಯಿಸಿತು. ಲಿಬ್‌ಟೂಲ್ ಕೈಪಿಡಿಯಲ್ಲಿ ಅಂಥ ಭಾಗಗಳಿಲ್ಲ. ಯಾರು ಬೇಕಾದರೂ ತಿದ್ದಬಹುದು, ಕನ್ನಡಕ್ಕೂ ತರಬಹುದು. ಅದೇ ಪರವಾನಗಿಯಲ್ಲಿ ಹಂಚಬೇಕು, ಅಷ್ಟೇ.

ನಮ್ಮ ಮಕ್ಕಳಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವವರು ಅನೇಕರು. ಇಂಥ ಕೈಪಿಡಿಯೊಂದನ್ನು ಹೊಸಬರಂತೆ ಓದಿ, ಉದಾಹರಣೆಗಳನ್ನು ಒಂದೊಂದಾಗಿ ಮಾಡಿ ನೋಡಿ, ಹೊಂದದ ಸಾಲನ್ನು ಪಾಲಕರಿಗೆ ತಿಳಿಸುವುದು ಒಂದು ಭಾನುವಾರದ ಕೆಲಸ. ಗ್ನೂ ಯೋಜನೆಯಲ್ಲಿ ದೊಡ್ಡ ಬರಹಕ್ಕೆ ಹಕ್ಕು ವರ್ಗಾವಣೆಯ ಕಾಗದಪತ್ರ ಬೇಕಾಗುವುದುಂಟು. ಸುಮಾರು ಹದಿನೈದು ಸಾಲಿನೊಳಗಿನ ತಿದ್ದುಪಡಿಗೆ ಸಾಮಾನ್ಯವಾಗಿ ಅದರ ಗೊಡವೆಯಿಲ್ಲ.

ಗ್ರಂಥಾಲಯದ ನಮ್ಮ ಗಣಕದಲ್ಲಿ ಏನೇನು ಅಳವಡಿಸಿದೆ, ಪುಸ್ತಕಪಟ್ಟಿಯ ಪ್ರತಿಯನ್ನು ಎಲ್ಲಿ ತೆಗೆದಿಡಬೇಕು, ಅಕ್ಷರ ಮೂಡದಿದ್ದರೆ ಏನು ನೋಡಬೇಕು ಎಂಬುದನ್ನು ಎರಡು ಹಾಳೆಗಳಲ್ಲಿ ಬರೆಸಿ ಮೊದಲ ಕಪಾಟಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದೇವೆ. ಶನಿವಾರ ಬರುವ ಸ್ವಯಂಸೇವಕರು ಅದನ್ನು ಓದಿ, ತಪ್ಪು ಕಂಡಲ್ಲಿ ಪೆನ್ನಿನಿಂದಲೇ ತಿದ್ದಿ, ದಿನಾಂಕ ಹಾಕಬೇಕಾಗಿ ಕೋರುತ್ತೇವೆ.