ಕೊರವ ಕಲಿಸಿದ ಗೇರ್ ಪಾಠ

ಡಿಗ್ರಿ ಮುಗಿದು ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆ ಸುತ್ತ ಎರಡು ಸುತ್ತು ವಾಕಿಂಗ್, ಆಮೇಲೆ ಅಪ್ಲಿಕೇಶನ್ ಹಾಕೋದು, ಮಧ್ಯಾಹ್ನ ಇಮೇಲ್ ನೋಡೋದು. ಇಷ್ಟೇ ನನ್ನ ದಿನಚರಿ. ಜೆ.ಪಿ. ನಗರ 7ನೇ ಹಂತದಲ್ಲಿರುವ ನಮ್ಮ ಕೆರೆ ದೊಡ್ಡದಲ್ಲ, ಸುಮಾರು 13 ಎಕರೆ. 2010ರಲ್ಲಿ ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ಅದಕ್ಕೆ ಮತ್ತೆ ಜೀವ ತಂದರು. ಅಲ್ಲಿ ಒಂದು ದಿನ ಜೊಂಡಿನ ಪಕ್ಕ ಕಪ್ಪು ತಲೆಯೊಂದು ಮೇಲೆ ಬಂದು 'ಬುಳುಕ್' ಅಂತ ಗಾಳಿ ಎಳೆದುಕೊಂಡು ಮುಳುಗಿತು. ಕೊರವ! ಕೆಲವರು ಕುಚ್ಚು ಅನ್ನುತ್ತಾರೆ, ತೆಲುಗಿನವರು ಕೊರ್ರಮೀನು ಅನ್ನುತ್ತಾರೆ, ಅಂಗಡಿಯಲ್ಲಿ ಮರಲ್. ಈ ಮೀನಿಗೆ ನೀರಿನೊಳಗಿನ ಆಮ್ಲಜನಕ ಸಾಲದು. ಆಗಾಗ ಮೇಲೆ ಬಂದು ಉಸಿರಾಡಲೇಬೇಕು.

ನಮ್ಮ ಕೆರೆ ಹಕ್ಕಿಗಳದ್ದು, ಅಲ್ಲಿ ಗಾಳದ ಮಾತಿಲ್ಲ. ಆದರೆ ಹಾರೋಹಳ್ಳಿಯಾಚೆ ನನ್ನ ಸೋದರಮಾವನ ಊರಿನಲ್ಲಿ ಒಂದು ಕೆರೆ ಇದೆ. ಅರ್ಧ ತಾವರೆ, ಅರ್ಧ ಜೊಂಡು. ಹರಾಜಿನಲ್ಲಿ ಅದನ್ನು ಹಿಡಿದವರು ಕಾಟ್ಲಾ, ರೋಹು ಮರಿ ಬಿಟ್ಟಿದ್ದಾರೆ. ಕೊರವ ಆ ಮರಿಗಳನ್ನು ತಿನ್ನುತ್ತೆ. ಹಾಗಾಗಿ ಮಾವ ಕೇಳಿದ ತಕ್ಷಣ, "ಕೊರವ ಹಿಡೀತೀರಾ? ಭಾನುವಾರ ಬಂದು ಹಿಡ್ಕೊಳ್ಳಿ" ಅಂದರು.

ಗಾಳದ ಕೋಲು ಮಾವನದ್ದೇ ಒಂದಿತ್ತು, ರೀಲ್ ಇರಲಿಲ್ಲ. ಯೂಟ್ಯೂಬಿನಲ್ಲಿ ಹುಡುಕಿದರೆ ಬರುವುದೆಲ್ಲ ಅಮೆರಿಕದ ಬಾಸ್ ಮೀನಿನ ವಿಡಿಯೊ. ಅವರೂ ತಾವರೆ ಎಲೆ ಮೇಲೆ ರಬ್ಬರ್ ಕಪ್ಪೆ ಎಸೆಯುತ್ತಾರೆ, ನಾವೂ ಅದನ್ನೇ ಎಸೆಯುತ್ತೇವೆ. ತಮಾಷೆ ಏನೆಂದರೆ, ನಮ್ಮ ಕೊರವನ ದೊಡ್ಡಣ್ಣನಂಥ ಮೀನೊಂದು 2000ನೇ ಇಸವಿಯಲ್ಲಿ ಫ್ಲಾರಿಡಾದಲ್ಲಿ ಸಿಕ್ಕಿ ಅಲ್ಲಿಯವರಿಗೆ ತಲೆನೋವಾಗಿದೆ. ಅದರ ತಮ್ಮನನ್ನು ತೆಲಂಗಾಣ ರಾಜ್ಯ ಮೀನು ಅಂತ ಘೋಷಿಸಿಕೊಂಡಿದೆ!

ಜೊಂಡಿನ ಜಾಗಕ್ಕೆ ಅಮೆರಿಕದವರು ಹೆಚ್ಚಾಗಿ ಹೇಳುವುದು ಕೋಲಿನ ಮೇಲೆ ಕೂರುವ ಬೇಟ್‌ಕಾಸ್ಟರ್ ರೀಲ್. ಅದನ್ನು ಎಸೆಯಲು ಕಲಿಯುವುದರೊಳಗೆ ದಾರ ಹಕ್ಕಿಗೂಡಾಗುತ್ತೆ, ಬೆಲೆಯೂ ಜಾಸ್ತಿ. ಕೋಲಿನ ಕೆಳಗೆ ನೇತಾಡುವ ಸ್ಪಿನ್ನಿಂಗ್ ರೀಲ್ ಸುಲಭ. ನಾನು ಆನ್‌ಲೈನಿನಲ್ಲಿ 1,100 ರೂಪಾಯಿಯದ್ದೊಂದು ತರಿಸಿದೆ. 2000 ಸೈಜು, ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ '12 ಬೇರಿಂಗ್'. ಬಣ್ಣ ಚಿನ್ನದ್ದು. ಅಪ್ಪನಿಗೆ ಬೆಲೆ 400 ಅಂತ ಹೇಳಿದೆ.

ಮೂರನೇ ಭಾನುವಾರ ತಾವರೆ ಎಲೆಗಳ ಸಂದಿಯಲ್ಲಿ ಕಪ್ಪೆ ಎಳೆಯುತ್ತಿದ್ದಾಗ ನೀರು ಸ್ಫೋಟವಾಯಿತು. ಕೋಲು ಎತ್ತಿದೆ. ಮೀನು ತಲೆ ತಿರುಗಿಸಿ ಜೊಂಡಿನ ಬುಡಕ್ಕೆ ನುಗ್ಗಿತು. ನಾನು ಡ್ರ್ಯಾಗ್ ಪೂರ್ತಿ ಬಿಗಿ ಮಾಡಿದ್ದೆ. ಆದರೂ ದಾರ ಸರಸರ ಹೊರಗೆ ಹೋಗುತ್ತಿತ್ತು. ಹಿಡಿ ತಿರುಗಿಸಿದೆ. ಒಳಗಿಂದ 'ಕರಕ್' ಅಂತ ಶಬ್ದ ಬಂತು, ಹಿಡಿ ತಿರುಗಿತು, ದಾರ ಒಳಗೆ ಬರಲಿಲ್ಲ. ಗಾಬರಿಯಲ್ಲಿ ದಾರವನ್ನೇ ಕೈಗೆ ಸುತ್ತಿಕೊಂಡೆ. ಹೆಣೆದ ದಾರ, ಬೆರಳು ಸೀಳಿತು. ಅಷ್ಟರಲ್ಲಿ ಗಂಟಿನ ಹತ್ತಿರ ಕಡಿದೇ ಹೋಯಿತು.

ನಾನು ನನ್ನ ಬೆರಳು ನೋಡಿಕೊಳ್ಳುತ್ತಿದ್ದೆ. ಮಾವ ಜೊಂಡಿನ ಕಡೆ ನೋಡುತ್ತಾ, "ಮೀನ್ ಹೋದ್ರೆ ಹೋಯ್ತು ಕಣ್ಲಾ. ಬಾಯಲ್ಲಿ ಗಾಳ ಕಚ್ಕೊಂಡ್ ಹೋಯ್ತಲ್ಲ, ಅದು ಹೆಂಗ್ ಬದುಕ್ತದೆ?" ಅಂದರು. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಆ ಮಾತು ಹೋಗಲಿಲ್ಲ. ಕಪ್ಪೆಯ ಹೊಟ್ಟೆಗೆ ಅಂಟಿಕೊಂಡಿರುವ ಜೋಡಿ ಮುಳ್ಳು, ಅದರ ಹಿಂದೆ ಜೊಂಡಿಗೆ ಸುತ್ತಿಕೊಳ್ಳುವ ದಾರ. ಉಸಿರಿಗೆ ಮೇಲೆ ಬರಲಾಗದಿದ್ದರೆ ಈ ಮೀನು ನೀರಿನಲ್ಲೇ ಮುಳುಗಿ ಸಾಯುತ್ತೆ.

ಅಪ್ಪ ಕನಕಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ನನಗೆ ಕೆಲಸ ಸಿಗದ ದಿನದಿಂದ ನಮ್ಮಿಬ್ಬರ ನಡುವೆ 'ಊಟ ಆಯ್ತಾ' ಬಿಟ್ಟು ಹೆಚ್ಚು ಮಾತಿರಲಿಲ್ಲ. ಅವತ್ತು ರಾತ್ರಿ ಬೆರಳಿಗೆ ಸುತ್ತಿದ ಬಟ್ಟೆ ನೋಡಿ, "ಕೊಡು ಅದನ್ನ" ಅಂದರು. ಬೈತಾರೆ ಅಂದುಕೊಂಡೆ. ಸ್ಕ್ರೂಡ್ರೈವರ್ ತಂದು ಪೇಪರ್ ಹಾಸಿ ರೀಲನ್ನು ಬಿಚ್ಚಿಹಾಕಿದರು.

ಒಳಗೆ ದೊಡ್ಡ ಗೇರಿನ ನಾಲ್ಕು ಹಲ್ಲು ಮುರಿದಿದ್ದವು. ಅಪ್ಪ ಅದನ್ನು ಬೆಳಕಿಗೆ ಹಿಡಿದು, "ಎರಕ ಹೊಯ್ದ ಸತು. ಅಚ್ಚಿಗೆ ಸುರಿದು ತೆಗೆದಿದ್ದಾರೆ. ಗೇರು ಇದು, ಬಿಸ್ಕತ್ತಲ್ಲ" ಅಂದರು. ಪಕ್ಕದ ಸಣ್ಣ ಪಿನಿಯನ್ ಮಾತ್ರ ಹಿತ್ತಾಳೆಯದ್ದು, ಸರಿಯಾಗಿತ್ತು. ರೀಲಿನ ಮೈ ಪ್ಲಾಸ್ಟಿಕ್. ಅದನ್ನು ಎರಡು ಬೆರಳಲ್ಲಿ ಒತ್ತಿದರೆ ಬಳುಕುತ್ತಿತ್ತು. "ಮೈ ಬಗ್ಗಿದ್ರೆ ಗೇರು ಪಕ್ಕಕ್ಕೆ ಸರಿಯುತ್ತೆ. ಹಲ್ಲಿನ ತುದಿ ಮಾತ್ರ ಕಚ್ಚುತ್ತೆ. ಮುರಿಯದೆ ಇನ್ನೇನು?" ಆಮೇಲೆ ಒಂದೊಂದೇ ಬೇರಿಂಗ್ ಎಣಿಸಿದರು. ಹನ್ನೆರಡು ಇರಲಿಲ್ಲ, ಐದಿತ್ತು. ಉಳಿದ ಕಡೆ ಪ್ಲಾಸ್ಟಿಕ್ ಬುಷ್. "ಬೇರಿಂಗ್ ಎಷ್ಟು ಅಂತ ಕೇಳಬೇಡ. ಮೈ ಯಾವುದರದ್ದು, ಗೇರು ಯಾವುದರದ್ದು, ಅದನ್ನ ಕೇಳು." ಬೇರಿಂಗ್ ಜಾಸ್ತಿಯಿದ್ದರೆ ತಿರುಗುವುದು ನುಣುಪಾಗುತ್ತೆ, ಬಲ ಬರುವುದಿಲ್ಲ. ಅಂಗಡಿಯಲ್ಲಿ ಹಿಡಿ ತಿರುಗಿಸಿ 'ಆಹಾ' ಅನ್ನುವ ನನ್ನಂಥವರಿಗಾಗಿಯೇ ಆ ನಂಬರ್ ಇರುವುದು.

ಡ್ರ್ಯಾಗಿನ ಕತೆಯೂ ಅಷ್ಟೇ. ಸ್ಪೂಲಿನೊಳಗೆ ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಸೈಕಲ್ ಬ್ರೇಕಿನ ಹಾಗೆ. ಅಗ್ಗದ ರೀಲಿನಲ್ಲಿ ಅದು ಬರೀ ಫೆಲ್ಟ್ ಬಟ್ಟೆ. ಒಳ್ಳೆಯ ಫೆಲ್ಟ್ ಸಣ್ಣ ಮೀನಿಗೆ ಸಾಕು, ಆದರೆ ಜೊಂಡಿನಲ್ಲಿ ಕಾರ್ಬನ್ ಬಿಲ್ಲೆ ಬೇಕು. ಡಬ್ಬದ ಮೇಲೆ '5 ಕೆಜಿ' ಅಂತಿತ್ತು. ಲಗೇಜ್ ತೂಗುವ ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಎಳೆದೆವು. ಪೂರ್ತಿ ಬಿಗಿ ಮಾಡಿದರೂ 2 ಕೆಜಿಗೆ ಮುಂಚೆಯೇ ಜಾರಿತು. ಬಿಲ್ಲೆ ಸವೆದದ್ದು ಒಂದು ಕಾರಣ. ಇನ್ನೊಂದು ತಪ್ಪು ನನ್ನದೇ. ಹೆಣೆದ ದಾರವನ್ನು ನೇರವಾಗಿ ನುಣುಪಾದ ಸ್ಪೂಲಿಗೆ ಸುತ್ತಿದ್ದೆ. ಅದು ಅಲ್ಲಿ ಕಚ್ಚಿಕೊಳ್ಳುವುದಿಲ್ಲ, ಇಡೀ ಸುತ್ತೇ ಜಾರುತ್ತೆ. ಮೊದಲು ಹತ್ತು ಸುತ್ತು ಮಾಮೂಲಿ ನೈಲಾನ್ ದಾರ ಸುತ್ತಬೇಕು, ಇಲ್ಲವೇ ಒಂದು ಪದರ ಟೇಪ್ ಹಚ್ಚಬೇಕು. ಹತ್ತು ರೂಪಾಯಿಯ ಕೆಲಸ.

ನಂತರದ ಎರಡು ತಿಂಗಳು ಪಕ್ಕದ ಬೀದಿಯ ಇಬ್ಬರು ಮಕ್ಕಳಿಗೆ ಅಕೌಂಟೆನ್ಸಿ ಟ್ಯೂಷನ್ ಹೇಳಿದೆ. 3,800 ರೂಪಾಯಿ ಆದಾಗ ಅಂಗಡಿಗೆ ಹೋದೆ, ಈ ಸಲ ಆನ್‌ಲೈನ್ ಅಲ್ಲ. ಅಪ್ಪನ ಮಾತು ನೆನಪಿಟ್ಟುಕೊಂಡು ರೀಲಿನ ಕಾಲು ಹಿಡಿದು ಸ್ಪೂಲನ್ನು ಅತ್ತಿತ್ತ ಅಲುಗಿಸಿದೆ. ಡ್ರ್ಯಾಗ್ ಬಿಗಿ ಮಾಡಿ, ದಾರ ಎಳೆಯುತ್ತಾ ಹಿಡಿಯನ್ನು ತಿರುಗಿಸಿದೆ. ಖಾಲಿ ರೀಲ್ ಯಾವುದಾದರೂ ನುಣುಪಾಗಿಯೇ ತಿರುಗುತ್ತೆ, ಭಾರ ಬಿದ್ದಾಗಲೇ ಬಣ್ಣ ಬಯಲಾಗುವುದು. ಅಂಗಡಿಯವರು ಮುಖ ಗಂಟಿಕ್ಕಿದರು. ಇಂಟರ್‌ವ್ಯೂಗಳಲ್ಲಿ ಅಂಥ ಮುಖ ಸಾಕಷ್ಟು ನೋಡಿದ್ದೆ.

ಗೇರ್ ಅನುಪಾತದಲ್ಲಿ ಸ್ವಲ್ಪ ತಲೆ ಕೆಟ್ಟಿತು. 5.2:1 ಅಂದರೆ ಹಿಡಿ ಒಂದು ಸುತ್ತಿದರೆ ದಾರ ಸುತ್ತುವ ಕೈ 5.2 ಸುತ್ತು ಹೊಡೆಯುತ್ತೆ. ಸ್ಪೂಲಿನ ವ್ಯಾಸ 45 ಮಿ.ಮೀ. ಇದ್ದರೆ ಒಂದು ಹಿಡಿ ಸುತ್ತಿಗೆ ಸುಮಾರು 73 ಸೆಂ.ಮೀ. ದಾರ ಒಳಗೆ ಬರುತ್ತೆ. 6.2:1 ಆದರೆ ಸುಮಾರು 88. ವೇಗ ಜಾಸ್ತಿಯಾದಷ್ಟೂ ಎಳೆಯುವ ಬಲ ಕಮ್ಮಿ, ಸೈಕಲ್ ಗೇರಿನಲ್ಲಿ ಏರು ಹತ್ತುವ ಹಾಗೆ. ಅಂದಹಾಗೆ ಸೈಕಲ್ ಗೇರಿಗೆ ಹೆಸರಾದ ಜಪಾನಿನ ಶಿಮಾನೊ ಕಂಪನಿಯೇ ರೀಲನ್ನೂ ಮಾಡುತ್ತೆ. ಸಡಿಲ ದಾರವನ್ನು ಬೇಗ ಎಳೆದುಕೊಳ್ಳಲು ವೇಗದ ರೀಲ್ ಒಳ್ಳೆಯದು ಅನ್ನುವವರಿದ್ದಾರೆ. ನನಗೆ ಬೇಕಿದ್ದದ್ದು ಜೊಂಡಿನ ಹೊರೆಯ ಸಮೇತ ಮೀನನ್ನು ಎಳೆಯುವ ಬಲ. 5.2ನ್ನೇ ಆರಿಸಿದೆ. 4000 ಸೈಜು, ಲೋಹದ ಮೈ, ಕಾರ್ಬನ್ ಬಿಲ್ಲೆ, ಐದೇ ಬೇರಿಂಗ್. ಕಪ್ಪು ಬಣ್ಣ, ನೋಡಲು ಏನೇನೂ ಚೆನ್ನಾಗಿಲ್ಲ. ತೂಕ ಸುಮಾರು 300 ಗ್ರಾಂ, ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯುತ್ತೆ. ಅದನ್ನೂ ಹೇಳಬೇಕು.

ಉಳಿದ ದುಡ್ಡಲ್ಲಿ 40 ಪೌಂಡಿನ ದಾರ. ಬಯಲು ನೀರಿನಲ್ಲಿ ಡ್ರ್ಯಾಗನ್ನು ದಾರದ ಬಲದ ಕಾಲು ಭಾಗಕ್ಕೋ ಮೂರನೇ ಒಂದು ಭಾಗಕ್ಕೋ ಇಟ್ಟು ಮೀನನ್ನು ಓಡಲು ಬಿಡುತ್ತಾರೆ. ಜೊಂಡಿನಲ್ಲಿ ಓಡಲು ಬಿಟ್ಟರೆ ಕತೆ ಮುಗಿಯಿತು. ಮೊದಲ ಎರಡು ಸೆಕೆಂಡಿನಲ್ಲಿ ಅದರ ತಲೆ ನಮ್ಮ ಕಡೆ ತಿರುಗಬೇಕು. ತಕ್ಕಡಿ ಹಿಡಿದು ಡ್ರ್ಯಾಗನ್ನು 6 ಕೆಜಿಗೆ ನಿಲ್ಲಿಸಿದವರು ಅಪ್ಪ.

ಮುಂದಿನ ಭಾನುವಾರ ಅದೇ ತೂಬಿನ ಪಕ್ಕ ಮೀನು ಹೊಡೆಯಿತು. ಕೋಲು ಬಿಲ್ಲಾಯಿತು, ರೀಲ್ ಗಟ್ಟಿಯಾಗಿ ನಿಂತಿತು. ಮೀನು ಒಂದು ಬುಟ್ಟಿ ಜೊಂಡಿನ ಸಮೇತ ತಾವರೆ ಎಲೆಗಳ ಮೇಲೆ ಜಾರಿಕೊಂಡು ದಡಕ್ಕೆ ಬಂತು. ಒಂದೂವರೆ ಕೆಜಿ. ಇಕ್ಕಳದಲ್ಲಿ ಮುಳ್ಳು ತೆಗೆಯುವಾಗ ಅದರ ಬಾಯಿಯ ಇನ್ನೊಂದು ಬದಿ ನೋಡಿದೆ. ಹಳೆ ಗಾಯದ ಗುರುತೇನೂ ಇರಲಿಲ್ಲ. ಅದಲ್ಲ ಇದು. ಅತ್ತೆ ಅದರ ಸಾರು ಮಾಡಿದರು. ನಾನು ಎರಡು ಸಲ ಬಡಿಸಿಕೊಂಡೆ.

ಮಳೆ ಶುರುವಾದ ಮೇಲೆ ಹೋದಾಗ ತೂಬಿನ ಹತ್ತಿರ ಕೆಂಪು ಮರಿಗಳ ಗುಂಪೊಂದು ನೀರಿನ ಮೇಲೆ ಕುದಿಯುತ್ತಿತ್ತು, ಕೆಳಗೆ ತಾಯಿತಂದೆಯ ಕಪ್ಪು ನೆರಳು. ಮರಿ ಕಾಯುವ ಕೊರವ ಏನು ಎಸೆದರೂ ಹಾರಿ ಕಚ್ಚುತ್ತೆ, ಅದರಷ್ಟು ಸುಲಭದ ಬೇಟೆ ಇಲ್ಲ. ಮಾವ ಏನೂ ಹೇಳಲಿಲ್ಲ, ನನ್ನನ್ನೇ ನೋಡಿದರು. ನಾವು ಕೋಡಿಯ ಕಡೆ ನಡೆದೆವು.

ಕೆಲಸ? ಎರಡನೇ ಸುತ್ತಿನ ಇಂಟರ್‌ವ್ಯೂ ಮುಂದಿನ ವಾರ ಇದೆ. ಹಳೆಯ ಚಿನ್ನದ ಬಣ್ಣದ ರೀಲ್ ಇನ್ನೂ ಅಪ್ಪನ ಟೂಲ್ ಡಬ್ಬದಲ್ಲಿದೆ. ಮುರಿದ ಗೇರಿನ ಅಳತೆ ತೆಗೆದು ಹಿತ್ತಾಳೆಯಲ್ಲಿ ಹೊಸದು ಮಾಡಲು ನೋಡುತ್ತಿದ್ದಾರೆ. ಹಲ್ಲು ಓರೆಯಾಗಿರುವುದರಿಂದ ಎರಡು ಸಲ ಕೆಟ್ಟಿದೆ. ಮೊನ್ನೆ ರಾತ್ರಿ ಅದನ್ನು ಉಜ್ಜುತ್ತಾ ಕೂತವರು ತಲೆ ಎತ್ತದೆ ಕೇಳಿದರು, "ನಿಜ ಹೇಳು, ಇದಕ್ಕೆ ನಾನೂರೇ ಕೊಟ್ಟಿದ್ದಾ?"