ಮಾರಾಟಕ್ಕಿಟ್ಟ ಮನೆಯ ಕೈತೋಟ: ಖರ್ಚಿಗೆ ಮುನ್ನ ಲೆಕ್ಕಾಚಾರ

ಬೆಂಗಳೂರು: ಮನೆ ಮಾರಲು ನಿರ್ಧರಿಸಿದವರು ಸಾಮಾನ್ಯವಾಗಿ ಮೊದಲು ಕರೆಸುವುದು ಬಣ್ಣ ಬಳಿಯುವವರನ್ನು. ಕೈತೋಟದ ನೆನಪಾಗುವುದು ಕೊಳ್ಳುವವರು ಬರುವ ಹಿಂದಿನ ದಿನ. ಆದರೆ ಬಂದವರು ಮೊದಲು ನೋಡುವುದು ಗೇಟಿನಿಂದ ಬಾಗಿಲವರೆಗಿನ ಆ ಹತ್ತಿಪ್ಪತ್ತು ಅಡಿ ಜಾಗವನ್ನೇ. ಅಲ್ಲಿ ಮೊಣಕಾಲೆತ್ತರ ಕಾಂಗ್ರೆಸ್ ಹುಲ್ಲು ಬೆಳೆದಿದ್ದರೆ, ಮನೆಯನ್ನು ಬಹುಕಾಲ ಯಾರೂ ನೋಡಿಕೊಂಡಿಲ್ಲ ಎಂಬ ಅನುಮಾನ ಒಳಗೆ ಹೋಗುವ ಮೊದಲೇ ಮೂಡುತ್ತದೆ. ಚೌಕಾಸಿಯೂ ಅಲ್ಲಿಂದಲೇ ಆರಂಭವಾಗುತ್ತದೆ.

ಹಾಗೆಂದು ತೋಟಕ್ಕೆ ಸುರಿದ ಹಣವೆಲ್ಲ ಮರಳಿ ಬರುತ್ತದೆ ಎಂದು ಭಾವಿಸುವುದು ತಪ್ಪು. ಜಯನಗರ, ಬಸವನಗುಡಿ, ಮಲ್ಲೇಶ್ವರದಂತಹ ಹಳೆಯ ಬಡಾವಣೆಗಳಲ್ಲಿ ಕೊಳ್ಳುವವರ ಕಣ್ಣು ಅನೇಕ ಬಾರಿ ನಿವೇಶನದ ಮೇಲೆಯೇ ಇರುತ್ತದೆ. ಹಳೆಯ ಮನೆಯನ್ನು ಕೆಡವಿ ಮಹಡಿಗಳನ್ನು ಎಬ್ಬಿಸುವ ಉದ್ದೇಶವುಳ್ಳವರಿಗೆ ಹೊಸ ಹುಲ್ಲುಹಾಸೂ ಒಂದೇ, ಬರಡು ನೆಲವೂ ಒಂದೇ. ವಾಸಕ್ಕೆಂದೇ ಮನೆ ಹುಡುಕುವವರ ಮಾತು ಬೇರೆ. ಆದ್ದರಿಂದ ಬರುತ್ತಿರುವವರು ವಾಸಕ್ಕೆ ಕೊಳ್ಳುವವರೋ, ಕೆಡವಲು ಕೊಳ್ಳುವವರೋ ಎಂಬುದನ್ನು ದಲ್ಲಾಳಿಯಿಂದ ಮೊದಲೇ ತಿಳಿದುಕೊಳ್ಳುವುದು ಲೇಸು. ಎರಡನೆಯವರಾದರೆ ಕಳೆ ಕಿತ್ತು ಗುಡಿಸಿದರೆ ಸಾಕು.

ಕೊಡಲಿಗೆ ಮುನ್ನ ಅನುಮತಿ

ನಿವೇಶನ ವಿಶಾಲವಾಗಿ ಕಾಣಲಿ ಎಂದೋ, ಮುಂಬಾಗಿಲ ಎದುರಿನ ಮರವನ್ನು ವಾಸ್ತು ನೋಡುವವರು ಒಪ್ಪುವುದಿಲ್ಲ ಎಂದೋ ದೊಡ್ಡ ಮರವನ್ನು ಕಡಿಸಲು ಮುಂದಾಗುವವರಿದ್ದಾರೆ. ಇದು ಕೈತೋಟದ ವಿಷಯದಲ್ಲಿ ಮಾರಾಟಗಾರರು ಮಾಡುವ ಅತ್ಯಂತ ದುಬಾರಿ ಕೆಲಸ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ಸ್ವಂತ ಜಮೀನಿನಲ್ಲಿರುವ ಮರಕ್ಕೂ ಅನ್ವಯಿಸುತ್ತದೆ. ವೃಕ್ಷಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಕಡಿಯುವುದು ಅಪರಾಧ. ಬುಡಕ್ಕೆ ಬೆಂಕಿ ಹಾಕಿಯೋ, ಸುತ್ತ ತೊಗಟೆ ಸುಲಿದೋ ಮರವನ್ನು ಸಾಯಿಸಿದರೆ ಪಾರಾಗಬಹುದೆಂಬ ಎಣಿಕೆಯೂ ಸರಿಯಲ್ಲ. ಕಾಯಿದೆಯ ದೃಷ್ಟಿಯಲ್ಲಿ ಅದೂ ಕಡಿದಂತೆಯೇ. ತೆಂಗು, ಗಾಳಿ, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಉಳಿದವುಗಳ ಬಗ್ಗೆ ಮೊದಲು ವೃಕ್ಷಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಬೇಕು.

ಕಾನೂನನ್ನು ಬದಿಗಿಟ್ಟು ನೋಡಿದರೂ ಲೆಕ್ಕ ಸರಿಹೊಂದುವುದಿಲ್ಲ. ಇಪ್ಪತ್ತೈದು ವರ್ಷದ ಮಾವಿನ ಮರದ ನೆರಳನ್ನು ಯಾವ ನರ್ಸರಿಯಿಂದಲೂ ಕೊಂಡು ತರಲಾಗದು. ಅದು ಬೇಡವೆನಿಸಿದರೆ ಅನುಮತಿ ಪಡೆದು ತೆಗೆಸುವ ಹೊಣೆ ಕೊಳ್ಳುವವರಿಗಿರಲಿ. ಬೇಕೆನ್ನುವವರಿಗೆ ಮಾತ್ರ ಕಡಿದ ಮರವನ್ನು ಮರಳಿ ಕೊಡಲು ಸಾಧ್ಯವಿಲ್ಲ.

ಕತ್ತರಿ, ಗುದ್ದಲಿ, ಕ್ಯಾಲೆಂಡರ್

ಸಿದ್ಧತೆಗೆ ಎರಡು ಮೂರು ತಿಂಗಳ ಕಾಲಾವಕಾಶವಿದ್ದರೆ ಒಳ್ಳೆಯದು. ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಅದರ ಸ್ಪರ್ಶ ಹಲವರಿಗೆ ತುರಿಕೆ, ಅಲರ್ಜಿ ತರುವುದರಿಂದ ಕೈಗವಸು ಅವಶ್ಯ. ಗೋಡೆಗೆ ತಾಗಿದ ಬಳ್ಳಿ, ಕಿಟಕಿ ಮುಚ್ಚಿದ ದಾಸವಾಳದ ಕೊಂಬೆಗಳನ್ನು ಕತ್ತರಿಸಿದರೆ ಒಳಗಿನ ಕೋಣೆಗಳಿಗೂ ಬೆಳಕು ಬರುತ್ತದೆ. ಬಳ್ಳಿಯ ಹಿಂದೆ ಗೋಡೆ ತೇವಗೊಂಡಿದ್ದರೆ ಅದನ್ನು ಕುಂಡಗಳಿಂದ ಮರೆಮಾಡುವ ಬದಲು ದುರಸ್ತಿ ಮಾಡಿಸಬೇಕು. ಮೇಲ್ನೋಟಕ್ಕೆ ಕಾಣದ, ಆದರೆ ತನಗೆ ತಿಳಿದಿರುವ ಮುಖ್ಯ ದೋಷವನ್ನು ಕೊಳ್ಳುವವರಿಗೆ ತಿಳಿಸುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಮಾರಾಟಗಾರನ ಕರ್ತವ್ಯ.

ಕತ್ತರಿಸುವ ಕಾಲವೂ ಮುಖ್ಯ. ಮಳೆ ಇಳಿಯುವ ಅಕ್ಟೋಬರ್‌ನಲ್ಲಿ ಗುಲಾಬಿಯನ್ನು ಸವರಿದರೆ ಸುಮಾರು ಒಂದೂವರೆ ತಿಂಗಳಲ್ಲಿ ಹೂ ಕಾಣಬಹುದು. ಮಲ್ಲಿಗೆಯನ್ನು ನವೆಂಬರ್ ಕೊನೆಯ ಹೊತ್ತಿಗೆ ಸವರಿದರೆ ಬೇಸಿಗೆಯ ಆರಂಭಕ್ಕೆ ಮೊಗ್ಗು ಬರುತ್ತದೆ. ಮನೆ ತೋರಿಸಲು ಹದಿನೈದೇ ದಿನವಿರುವಾಗ ಗಿಡಗಳನ್ನೆಲ್ಲ ಬೋಳು ಮಾಡುವುದಕ್ಕಿಂತ, ಒಣಗಿದ ಕಡ್ಡಿ ತೆಗೆದು ಬುಡ ಸಡಿಲಿಸಿ ಗೊಬ್ಬರ ಕೊಡುವುದು ಮೇಲು. ತುರ್ತಿಗೆ ಬಣ್ಣ ಬೇಕಾದವರು ಮೊಗ್ಗಿರುವ ಚೆಂಡುಹೂ ಅಥವಾ ಸೇವಂತಿಗೆ ಕುಂಡಗಳನ್ನು ನರ್ಸರಿಯಿಂದ ತಂದು ಬಾಗಿಲ ಬಳಿ ಇಡಬಹುದು. ಬೆಂಗಳೂರಿನವರಿಗೆ ಲಾಲ್‌ಬಾಗ್‌ನ ಮಾರಾಟ ಮಳಿಗೆಗಳೇ ಇವೆ.

ಅಂಗಳಕ್ಕೆಲ್ಲ ಸಿಮೆಂಟ್ ಹಾಸಿ 'ಅಚ್ಚುಕಟ್ಟು' ಮಾಡಿಸುವುದು ಇತ್ತೀಚಿನ ಚಾಳಿ. ಕಾರು ನಿಲ್ಲಿಸಲು ಅನುಕೂಲ ನಿಜ. ಆದರೆ ಮಳೆನೀರು ಇಂಗಲು ಜಾಗವಿಲ್ಲದೆ ಬಾಗಿಲಿಗೇ ಬಂದು ನಿಂತರೆ, ಮಳೆಗಾಲದಲ್ಲಿ ಮನೆ ನೋಡಲು ಬಂದವರು ಮೊದಲು ಗಮನಿಸುವುದು ಅದನ್ನೇ.

ನೀರಿನ ಪ್ರಶ್ನೆ

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರಗೊಂಡಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ನಿಗದಿಪಡಿಸಿತು. 2025ರ ಫೆಬ್ರುವರಿಯಲ್ಲೂ ಇಂತಹದೇ ಆದೇಶ ಹೊರಬಿತ್ತು. ಅಂದ ಮೇಲೆ ಬೇಸಿಗೆಯಲ್ಲಿ ಮಾರಲಿರುವ ಮನೆಗೆ ಹೊಸ ಹುಲ್ಲುಹಾಸು ಹಾಕಿಸುವುದರಲ್ಲಿ ಅರ್ಥವಿಲ್ಲ. ಕಣಗಿಲೆ, ಕಾಗದದ ಹೂವು, ನಂದಿಬಟ್ಟಲು ಕಡಿಮೆ ನೀರಿನಲ್ಲೂ ಬಾಳುತ್ತವೆ. ಅಕ್ಕಿ, ತರಕಾರಿ ತೊಳೆದ ನೀರು ಕುಂಡಗಳಿಗೆ ಸಾಕಾಗುತ್ತದೆ. ಆದರೆ ಕಣಗಿಲೆಯ ಎಲ್ಲ ಭಾಗವೂ ವಿಷ. ಚಿಕ್ಕ ಮಕ್ಕಳೊಡನೆ ಮನೆ ನೋಡಲು ಬರುವವರಿರುತ್ತಾರೆಂಬುದನ್ನು ಮರೆಯಬಾರದು.

ಇದಕ್ಕಿಂತ ಹೆಚ್ಚು ಬೆಲೆ ಬಾಳುವುದು ಮಳೆನೀರು ಸಂಗ್ರಹದ ವ್ಯವಸ್ಥೆ. 2009ರ ತಿದ್ದುಪಡಿಯ ನಂತರ ಬೆಂಗಳೂರಿನಲ್ಲಿ 2,400 ಚದರ ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೆ, 1,200 ಚದರ ಅಡಿ ಹಾಗೂ ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳಿಗೆ ಇದು ಕಡ್ಡಾಯವಾಯಿತು. ಅಳವಡಿಸದವರ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ. ಇಂಗುಗುಂಡಿಯ ಹೂಳು ತೆಗೆಸಿ, ಕೊಳವೆ ಶುಚಿಗೊಳಿಸಿ ಕೊಳ್ಳುವವರಿಗೆ ತೋರಿಸಿದರೆ ಅದು ಹತ್ತು ಕುಂಡ ಹೂಗಳಿಗಿಂತ ಹೆಚ್ಚು ಮಾತನಾಡುತ್ತದೆ. ಕುಂಡಗಳ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲುವುದನ್ನೂ ಮರೆಯುವಂತಿಲ್ಲ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ಕಡೆಯೇ.

ಗಿಡ ಯಾರ ಪಾಲಿಗೆ?

ಮುಂಗಡ ಕೊಟ್ಟ ಮೇಲೆ ಮನಸ್ತಾಪಕ್ಕೆ ಕಾರಣವಾಗುವ ಸಂಗತಿ ಇದು. ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ನೆಲದಲ್ಲಿ ಬೇರು ಬಿಟ್ಟ ಮರಗಿಡಗಳು, ಬೇರೆ ಮಾತಾಗಿರದಿದ್ದರೆ, ನೆಲದೊಂದಿಗೇ ಕೊಂಡವರಿಗೆ ಸೇರುತ್ತವೆ. ಕುಂಡದಲ್ಲಿರುವುದು ಚರಸ್ವತ್ತು, ಮಾರುವವರು ಒಯ್ಯಬಹುದು. ಅಜ್ಜಿ ನೆಟ್ಟ ಸಂಪಿಗೆಯನ್ನೋ, ತುಳಸಿಕಟ್ಟೆಯನ್ನೋ ಜೊತೆಗೆ ಒಯ್ಯುವ ಇಚ್ಛೆಯಿದ್ದರೆ ಕರಾರುಪತ್ರದಲ್ಲೇ ಒಂದು ಸಾಲು ಬರೆಸುವುದು ಕ್ಷೇಮ. ಗಿಡವನ್ನು ಕಿತ್ತು ನೆಟ್ಟರೆ ಬದುಕುವ ಭರವಸೆ ಕಡಿಮೆ ಇರುವುದರಿಂದ ಮೊದಲೇ ಒಂದು ಕೊಂಬೆಗೆ ಗೂಟಿ ಕಟ್ಟಿ ಸಸಿ ಮಾಡಿಕೊಳ್ಳುವವರೂ ಉಂಟು.

ಕರಾರಾದ ಮೇಲೆ ಸ್ವಾಧೀನ ಬಿಟ್ಟುಕೊಡುವವರೆಗೆ ಸ್ವತ್ತನ್ನು ಜವಾಬ್ದಾರಿಯುಳ್ಳ ಮಾಲೀಕನಂತೆ ಕಾಪಾಡಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಬ್ಯಾಂಕ್ ಸಾಲ ಮಂಜೂರಾಗಿ ನೋಂದಣಿ ಮುಗಿಯಲು ಎರಡು ಮೂರು ತಿಂಗಳು ಹಿಡಿಯುವುದುಂಟು. ಅಷ್ಟು ದಿನವೂ ಗಿಡಗಳಿಗೆ ನೀರು ಹಾಕುವವರು ಯಾರೆಂಬುದನ್ನು, ವಿಶೇಷವಾಗಿ ಮಾರುವವರು ಆಗಲೇ ಬೇರೆ ಊರಿಗೆ ತೆರಳಿದ್ದರೆ, ಮುಂಗಡ ಪಡೆಯುವ ದಿನವೇ ಗೊತ್ತುಮಾಡಿಕೊಳ್ಳಬೇಕು.