ನೆರೆಯಲ್ಲಿ ಕಾಮಗಾರಿ: ಹೋಂಸ್ಟೇ ಉದ್ಯಮಿಗಳು ವಹಿಸಬೇಕಾದ ಎಚ್ಚರ

ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ನಂದಿಬೆಟ್ಟದ ತಪ್ಪಲಿನಲ್ಲಿ ತೋಟದ ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ನೀಡುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಒಂದು ಪೂರಕ ಉದ್ಯಮವಾಗಿ ಬೆಳೆದಿದೆ. ನಗರದ ಗದ್ದಲದಿಂದ ಎರಡು ದಿನ ದೂರವಿರಲು ಬಯಸುವವರೇ ಇದರ ಮುಖ್ಯ ಗ್ರಾಹಕರು. ಆದರೆ ನೆರೆಯ ನಿವೇಶನದಲ್ಲಿ ಜೆಸಿಬಿ ಯಂತ್ರ ಸದ್ದು ಮಾಡತೊಡಗಿದರೆ, ಅಥವಾ ಮನೆಗೆ ಬರುವ ರಸ್ತೆಯನ್ನೇ ಅಗೆದರೆ, ಅತಿಥಿಯು ಹಣ ತೆತ್ತ ನೆಮ್ಮದಿಯೇ ಇಲ್ಲವಾಗುತ್ತದೆ. ಬಡಾವಣೆಗಳು, ರಸ್ತೆಗಳು ಬೆಳೆಯುತ್ತಿರುವ ಈ ಭಾಗದಲ್ಲಿ ಇಂತಹ ಅಡಚಣೆಯನ್ನು ವ್ಯವಹಾರದ ಭಾಗವೆಂದೇ ಪರಿಗಣಿಸಿ ಸಿದ್ಧತೆ ಮಾಡಿಕೊಳ್ಳುವುದು ಲೇಸು.

ನಂದಿಬೆಟ್ಟ ಕಲಿಸಿದ ಪಾಠ

2021ರ ಆಗಸ್ಟ್ ಅಂತ್ಯದಲ್ಲಿ ಸುರಿದ ಭಾರಿ ಮಳೆಗೆ ಬೆಟ್ಟದ ರಸ್ತೆಯಲ್ಲಿ ಭೂಕುಸಿತ ಉಂಟಾಗಿ, ಪ್ರವಾಸಿಗರ ಪ್ರವೇಶವು ಡಿಸೆಂಬರ್ ಆರಂಭದವರೆಗೂ ಸ್ಥಗಿತಗೊಂಡಿತ್ತು. ಇದು ಯಾರೂ ಮುಂಚಿತವಾಗಿ ತಿಳಿಯಲಾಗದ ಆಪತ್ತು. 2025ರಲ್ಲಿ ನಡೆದದ್ದು ಬೇರೆ ರೀತಿ. ರಸ್ತೆ ಕಾಮಗಾರಿಗಾಗಿ ಮಾರ್ಚ್ 24ರಿಂದ ಸುಮಾರು ಒಂದು ತಿಂಗಳ ಕಾಲ, ಸೋಮವಾರ ಬೆಳಗಿನಿಂದ ಶುಕ್ರವಾರ ಸಂಜೆಯವರೆಗೆ ಬೆಟ್ಟಕ್ಕೆ ಪ್ರವೇಶ ನಿರ್ಬಂಧಿಸಿದ ಜಿಲ್ಲಾಡಳಿತವು ವಾರಾಂತ್ಯದಲ್ಲಿ ಅವಕಾಶ ನೀಡಿತು. ಕೆಲಸವೂ ಸಾಗಿತು, ವಾರಾಂತ್ಯದ ವಹಿವಾಟಿಗೂ ದಾರಿ ಉಳಿಯಿತು.

ಈ ಕ್ರಮವನ್ನೇ ಹೋಂಸ್ಟೇ ಮಾಲೀಕರು ನೆರೆಯ ಕಟ್ಟಡದ ಗುತ್ತಿಗೆದಾರರೊಡನೆ ಅನುಸರಿಸಬಹುದು. ಕೆಲಸ ನಿಲ್ಲಿಸಿರೆಂದು ಕೇಳುವ ಬದಲು, ಕೊಳವೆಬಾವಿ ಕೊರೆಯುವುದು, ಕಲ್ಲು ಒಡೆಯುವುದು, ಕಾಂಕ್ರೀಟ್ ಹಾಕುವುದು ಮುಂತಾದ ಸದ್ದಿನ ಕೆಲಸಗಳನ್ನು ವಾರದ ದಿನಗಳಿಗೆ ಇಟ್ಟುಕೊಂಡು, ಶನಿವಾರ ಮತ್ತು ಭಾನುವಾರ ಗಾರೆ, ಬಣ್ಣ, ವೈರಿಂಗ್ ಕೆಲಸ ಮಾಡಿಸುವಂತೆ ಕೋರಿದರೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು. ಪ್ರತಿ ಸೋಮವಾರ ಮುಂದಿನ ಹದಿನೈದು ದಿನಗಳ ಕೆಲಸದ ವಿವರ ಪಡೆಯುವುದು ಉತ್ತಮ.

ರಿಯಾಯಿತಿಯೇ ಅಗ್ಗ

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ನಾಲ್ಕು ಕೊಠಡಿಗಳ ಮನೆಗೆ ಕೊಠಡಿಯೊಂದಕ್ಕೆ ರಾತ್ರಿಗೆ 3,000 ರೂ. ದರವಿದ್ದರೆ, ಎರಡು ರಾತ್ರಿಗಳ ವಾರಾಂತ್ಯದ ಆದಾಯ 24,000 ರೂ. ಸದ್ದಿನ ವಿಷಯವನ್ನು ಮೊದಲೇ ತಿಳಿಸಿ ಶೇ. 20ರಷ್ಟು ರಿಯಾಯಿತಿ ನೀಡಿದರೆ ಕಡಿಮೆಯಾಗುವುದು 4,800 ರೂ. ಮುಚ್ಚಿಟ್ಟು, ಬಂದ ತಂಡಕ್ಕೆ ಒಮ್ಮೆ ಪೂರ್ತಿ ಹಣ ಹಿಂದಿರುಗಿಸಬೇಕಾಗಿ ಬಂದರೆ ಐದು ವಾರಗಳ ರಿಯಾಯಿತಿಯ ಮೊತ್ತ ಒಂದೇ ದಿನದಲ್ಲಿ ಹೋಗುತ್ತದೆ. ಅಂತರಜಾಲದಲ್ಲಿ ಉಳಿಯುವ ಕೆಟ್ಟ ಅಭಿಪ್ರಾಯದ ನಷ್ಟ ಇದಕ್ಕೆ ಸೇರಿಲ್ಲ.

ಕಾನೂನು ಸಹ ಇದನ್ನೇ ಹೇಳುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸಂಬಂಧಪಟ್ಟ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದೂ ಸೇವಾ ನ್ಯೂನತೆಯೇ. ಆದ್ದರಿಂದ ಮುಂಗಡ ಪಡೆಯುವ ಮೊದಲೇ ಕಾಮಗಾರಿಯ ಸ್ವರೂಪ, ವೇಳೆ, ದೂರಗಳನ್ನು ಲಿಖಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಈಗಾಗಲೇ ಕಾಯ್ದಿರಿಸಿದವರಿಗೆ ದಿನಾಂಕ ಬದಲಿಸುವ ಅಥವಾ ಹಣ ಹಿಂಪಡೆಯುವ ಆಯ್ಕೆ ಕೊಡಬೇಕು.

ರಾತ್ರಿಯ ಸದ್ದು

ಶಬ್ದ ಮಾಲಿನ್ಯ ನಿಯಮಗಳು, 2000ರಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶ ಹಾಗೂ ನಿಶ್ಶಬ್ದ ವಲಯಗಳಲ್ಲಿ ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ಬಳಸುವಂತಿಲ್ಲ. ಮಾತುಕತೆ ಫಲಿಸದಿದ್ದಲ್ಲಿ ದಿನಾಂಕ, ವೇಳೆ ಬರೆದಿಟ್ಟ ಟಿಪ್ಪಣಿಯೊಡನೆ ಜಿಲ್ಲಾಡಳಿತಕ್ಕೆ ಅಥವಾ ಪೊಲೀಸರಿಗೆ ದೂರು ನೀಡಬಹುದು.

ಹಗಲಿನ ವೇಳೆ ಮತ್ತು ಖಾಲಿ ಕೊಠಡಿ

ಹಗಲಿನ ಸದ್ದಿಗೆ ಉಪಾಯ ಈ ಜಿಲ್ಲೆಯಲ್ಲೇ ಇದೆ. ಯಂತ್ರಗಳು ನಡೆಯುವ ಹೊತ್ತಿಗೆ ಅತಿಥಿಗಳು ಭೋಗನಂದೀಶ್ವರ ದೇವಾಲಯ, ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ, ಗೌರಿಬಿದನೂರು ಬಳಿಯ ವಿದುರಾಶ್ವತ್ಥ, ಚಿಂತಾಮಣಿ ಬಳಿಯ ಕೈವಾರ ಮತ್ತು ಕೈಲಾಸಗಿರಿಗಳನ್ನು ನೋಡಿ ಬರುವಂತೆ ಏರ್ಪಾಡು ಮಾಡಬಹುದು. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯ ಹರಾಜು ನಗರವಾಸಿಗಳಿಗೆ ಹೊಸ ಅನುಭವ. ಈ ಮೂರೂ ಪಟ್ಟಣಗಳನ್ನು ರಾಷ್ಟ್ರೀಯ ಹೆದ್ದಾರಿ 69 ಜೋಡಿಸುವುದರಿಂದ ವಾಹನದ ವ್ಯವಸ್ಥೆ ಕಷ್ಟವಲ್ಲ.

ವಾರದ ದಿನಗಳಲ್ಲಿ ಖಾಲಿ ಉಳಿಯುವ ಕೊಠಡಿಗಳಿಗೆ ಕಾಮಗಾರಿಯೇ ಗ್ರಾಹಕರನ್ನು ತರಬಲ್ಲದು. ರಸ್ತೆ ಕೆಲಸದ ಎಂಜಿನಿಯರುಗಳು, ಮೇಲ್ವಿಚಾರಕರು, ಗೌರಿಬಿದನೂರು ಕೈಗಾರಿಕಾ ಪ್ರದೇಶಕ್ಕೆ ಯಂತ್ರ ಅಳವಡಿಸಲು ಬರುವ ತಂತ್ರಜ್ಞರು ಸೋಮವಾರದಿಂದ ಶುಕ್ರವಾರದವರೆಗೆ ಶುಚಿಯಾದ ಕೊಠಡಿ ಹಾಗೂ ಊಟವನ್ನು ಬಯಸುತ್ತಾರೆ. ಹಗಲು ಹೊರಗಿರುವ ಇವರಿಗೆ ಸದ್ದಿನ ಬಾಧೆಯೂ ಕಡಿಮೆ.

ದಪ್ಪ ಗಾಜಿನ ಕಿಟಕಿ ಹಾಕಿಸಿ ಸದ್ದು ತಡೆಯಲು ಹೊರಡುವವರು ತೆರಿಗೆಯ ಲೆಕ್ಕವನ್ನೂ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ವರೆಗಿನ ಕೊಠಡಿಗಳಿಗೆ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆಯಾದರೂ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಹೀಗಾಗಿ ಕಿಟಕಿಗೆ ತೆತ್ತ ತೆರಿಗೆ ಪೂರ್ತಿಯಾಗಿ ಮಾಲೀಕರ ವೆಚ್ಚವೇ. ಕೆಲವೇ ತಿಂಗಳ ಕಾಮಗಾರಿಗೆ ಇಂತಹ ಖರ್ಚಿಗಿಂತ ಗುತ್ತಿಗೆದಾರರೊಡನೆ ಹೊಂದಾಣಿಕೆ ಮತ್ತು ಅತಿಥಿಗಳೊಡನೆ ಮುಚ್ಚುಮರೆಯಿಲ್ಲದ ವ್ಯವಹಾರವೇ ಹೆಚ್ಚು ಲಾಭದಾಯಕ. ಕಾಮಗಾರಿ ಮುಗಿದ ಮೇಲೆ ಮರಳಿ ಬರುವವರು ಸದ್ದನ್ನು ಮುಂಚಿತವಾಗಿ ತಿಳಿಸಿದ ಮನೆಗೇ ಬರುತ್ತಾರೆ.